ಫಾದರ್‌ಗಳ ಯೂನಿವರ್ಸಿಟಿ: ಯಾರ ಮಾತು ನಡೆಯುತ್ತದೆ, ಯಾರಿಗಾಗಿ ನಡೆಯುತ್ತದೆ?

ಪಿಯುಸಿ ರಿಸಲ್ಟ್ ಬಂದ ವಾರ ಹಾಸನ, ಚಿಕ್ಕಮಗಳೂರಿನ ಮನೆಗಳಲ್ಲಿ ಒಂದೇ ಮಾತು. ಮಕ್ಕಳನ್ನು ಎಲ್ಲಿಗೆ ಕಳಿಸುವುದು? ಘಟ್ಟ ಇಳಿದರೆ ಮಂಗಳೂರು, ಬಯಲುಸೀಮೆ ಕಡೆ ಹೊರಟರೆ ಬೆಂಗಳೂರು. ಆ ಪಟ್ಟಿಯಲ್ಲಿ ಮೂರು ಹೆಸರು ಬಂದೇ ಬರುತ್ತವೆ: ಸೇಂಟ್ ಜೋಸೆಫ್ಸ್, ಕ್ರೈಸ್ಟ್, ಸೇಂಟ್ ಅಲೋಶಿಯಸ್. ಮೂರೂ ಒಂದು ಕಾಲಕ್ಕೆ ಕಾಲೇಜುಗಳು, ಈಗ ಯೂನಿವರ್ಸಿಟಿಗಳು. ಮೂರನ್ನೂ ನಡೆಸುವವರು ಕ್ಯಾಥೋಲಿಕ್ ಗುರುಗಳು. ನಮ್ಮೂರ ಮಾತಿನಲ್ಲಿ ಹೇಳುವುದಾದರೆ ಫಾದರ್‌ಗಳು.

ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಅಲ್ಲಿ ಬೈಬಲ್ ಪಾಠ ಕಡ್ಡಾಯವಾ? ಸೀಟು ಎಲ್ಲರಿಗೂ ಕೊಡ್ತಾರಾ, ಅವರವರಿಗೇನಾ? ಫಾರಿನ್ನಿಗೆ ಕಳಿಸ್ತಾರಂತೆ, ಹೌದಾ? ಇವು ಸುಮ್ನೆ ಕುತೂಹಲಕ್ಕೆ ಕೇಳುವ ಪ್ರಶ್ನೆಗಳಲ್ಲ. ಲಕ್ಷಗಟ್ಟಲೆ ಫೀಸು ಕಟ್ಟುವವರು ಕೇಳಲೇಬೇಕಾದವು. ಉತ್ತರ ಸರಿಯಾಗಿ ಸಿಗಬೇಕಾದರೆ, ಕ್ಯಾಥೋಲಿಕ್ ಯೂನಿವರ್ಸಿಟಿ ಅನ್ನುವುದು ಯಾವ ಬಗೆಯ ಸಂಸ್ಥೆ, ಅದು ತನ್ನ ಕೆಲಸ ಏನೆಂದು ಹೇಳಿಕೊಂಡಿದೆ ಅನ್ನುವುದನ್ನು ಮೊದಲು ನೋಡಬೇಕು.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಚರ್ಚಿಗೆ ಸೇರಿದ ಯೂನಿವರ್ಸಿಟಿಗಳಲ್ಲಿ ಎರಡು ಜಾತಿ ಇವೆ. ಒಂದು, ಗುರುಗಳಾಗುವವರು ದೇವಶಾಸ್ತ್ರ, ಚರ್ಚಿನ ಕಾನೂನು, ತತ್ವಶಾಸ್ತ್ರ ಓದುವ ಜಾಗ. ರೋಮ್‌ನ ಗ್ರೆಗೋರಿಯನ್ ಯೂನಿವರ್ಸಿಟಿ ಇಂಥದ್ದು. 1551ರಲ್ಲಿ ಯೇಸುಸಭೆಯ, ಅಂದರೆ ಜೆಸ್ವಿಟ್ ಪಾದ್ರಿಗಳ ಸಂಘದ, ಸ್ಥಾಪಕ ಇಗ್ನೇಷಿಯಸ್ ಲೊಯೋಲ ಶುರು ಮಾಡಿದ ಶಾಲೆಯೇ ಮುಂದೆ ಇದಾಯಿತು. ಇಲ್ಲಿನ ಪದವಿಗಳು ಪೋಪ್ ಅವರ ಹೆಸರಿನಲ್ಲಿ ಕೊಡುವಂಥವು. ಇನ್ನೊಂದು ಜಾತಿ, ಬಿಕಾಂ, ಬಿಎಸ್ಸಿ, ಲಾ, ಮೆಡಿಕಲ್, ಕಂಪ್ಯೂಟರ್ ಎಲ್ಲ ಕಲಿಸುವ ಮಾಮೂಲಿ ಯೂನಿವರ್ಸಿಟಿ. ಇಲ್ಲಿ ಪದವಿ ಕೊಡುವ ಅಧಿಕಾರ ಬರುವುದು ಆಯಾ ದೇಶದ ಸರ್ಕಾರದಿಂದ. ನಮ್ಮ ಮಕ್ಕಳು ಹೋಗುವುದು ಈ ಎರಡನೆಯ ಜಾತಿಗೆ.

ಈ ಎರಡನೆಯ ಜಾತಿಗೆ ಇಬ್ಬರು ಯಜಮಾನರು. ನಮ್ಮ ಕಡೆಯವರಿಗೆ ಇದು ಕಾಫಿ ಇದ್ದ ಹಾಗೆ ಅಂದರೆ ಬೇಗ ಅರ್ಥವಾದೀತು: ಗಿಡ ಮೂಡಿಗೆರೆಯದ್ದು, ಮಳೆ ಮೂಡಿಗೆರೆಯದ್ದು, ಆದರೆ ಅರೇಬಿಕಾ ದರ ಏರಿಳಿಯುವುದು ನ್ಯೂಯಾರ್ಕಿನಲ್ಲಿ. ಹಾಗೆ ಈ ಯೂನಿವರ್ಸಿಟಿಗಳ ನೆಲ, ಕಾನೂನು, ವಿದ್ಯಾರ್ಥಿಗಳು ಇಲ್ಲಿಯವರು. ಧ್ಯೇಯ ಏನಿರಬೇಕು ಅನ್ನುವ ಬರಹ ಮಾತ್ರ ರೋಮ್‌ನಿಂದ ಬಂದದ್ದು.

ಆ ಬರಹ ಹೊರಬಿದ್ದದ್ದು 1990ರ ಆಗಸ್ಟ್ 15ರಂದು. ಬರೆದವರು ಪೋಪ್ ಎರಡನೇ ಜಾನ್ ಪಾಲ್. ಅವರೇ ಹಿಂದೆ ಪೋಲೆಂಡಿನ ಲುಬ್ಲಿನ್ ಕ್ಯಾಥೋಲಿಕ್ ಯೂನಿವರ್ಸಿಟಿಯಲ್ಲಿ ನೀತಿಶಾಸ್ತ್ರ ಕಲಿಸಿದ ಮೇಷ್ಟ್ರು. ಹಾಗಾಗಿ ಇದು ಆಫೀಸಿನಲ್ಲಿ ಕೂತು ಹೊರಡಿಸಿದ ಒಣ ಸುತ್ತೋಲೆಯಂತಿಲ್ಲ. ಕ್ಯಾಥೋಲಿಕ್ ಯೂನಿವರ್ಸಿಟಿಗೆ ನಾಲ್ಕು ಗುಣ ಇರಬೇಕು ಎನ್ನುತ್ತದೆ ಅದು. ವ್ಯಕ್ತಿಗಳಿಗಷ್ಟೇ ಅಲ್ಲ, ಇಡೀ ಸಂಸ್ಥೆಗೆ ಕ್ರೈಸ್ತ ಪ್ರೇರಣೆ ಇರಬೇಕು. ಜಗತ್ತಿನಲ್ಲಿ ಬೆಳೆಯುತ್ತಿರುವ ಜ್ಞಾನವನ್ನು ನಂಬಿಕೆಯ ಬೆಳಕಿನಲ್ಲಿ ಸತತವಾಗಿ ಯೋಚಿಸಿ ನೋಡಬೇಕು. ಚರ್ಚಿನ ಮೂಲಕ ಬಂದ ಕ್ರೈಸ್ತ ಸಂದೇಶಕ್ಕೆ ನಿಷ್ಠೆ ಇರಬೇಕು. ಕೊನೆಯದಾಗಿ, ಚರ್ಚಿನ ಜನರಿಗಷ್ಟೇ ಅಲ್ಲ, ಇಡೀ ಮನುಷ್ಯ ಕುಟುಂಬಕ್ಕೆ ಸೇವೆ ಸಲ್ಲಿಸುವ ಬದ್ಧತೆ ಇರಬೇಕು.

ಮೇಲುನೋಟಕ್ಕೆ ಇವು ಯಾವ ಕಾಲೇಜಿನ ಗೋಡೆಯ ಮೇಲಾದರೂ ಬರೆಸಬಹುದಾದ ಮಾತುಗಳು. ಆದರೆ ಇದೇ ಬರಹದಲ್ಲಿ ಹಲ್ಲಿರುವ ನಿಯಮಗಳೂ ಇವೆ. ಕ್ಯಾಥೋಲಿಕರಲ್ಲದ ಅಧ್ಯಾಪಕರು ಬಹುಸಂಖ್ಯೆಯಲ್ಲಿ ಇರಬಾರದು ಅನ್ನುವುದು ಅಂಥದ್ದೊಂದು. 2011ರ ಜನಗಣತಿ ಪ್ರಕಾರ ಭಾರತದಲ್ಲಿ ಎಲ್ಲ ಪಂಗಡ ಸೇರಿ ಕ್ರೈಸ್ತರು ನೂರಕ್ಕೆ 2.3, ಕರ್ನಾಟಕದಲ್ಲಿ ಇನ್ನೂ ಕಡಿಮೆ. ಇಂಥ ಕಡೆ ಆ ನಿಯಮ ಕಾಗದದ ಮೇಲೆ ಇದ್ದಷ್ಟು ಸಲೀಸಲ್ಲ ಅನ್ನುವುದು ಯಾರಿಗಾದರೂ ಹೊಳೆಯುತ್ತದೆ. ಇನ್ನೊಂದು, 1983ರ ಚರ್ಚ್ ಕಾನೂನಿನಲ್ಲೇ ಇರುವ ನಿಯಮ: ಚರ್ಚಿನ ಒಪ್ಪಿಗೆ ಇಲ್ಲದೆ ಯಾವ ಯೂನಿವರ್ಸಿಟಿಯೂ 'ಕ್ಯಾಥೋಲಿಕ್' ಎಂದು ಬೋರ್ಡು ಹಾಕುವಂತಿಲ್ಲ.

ಈ ಬೋರ್ಡಿನ ವಿಷಯ ತಮಾಷೆಯದಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ 1917ರಲ್ಲಿ ಶುರುವಾದ ಒಂದು ದೊಡ್ಡ ಕ್ಯಾಥೋಲಿಕ್ ಯೂನಿವರ್ಸಿಟಿ ಇದೆ. ನಿಯಮಾವಳಿ ತಿದ್ದುವ ವಿಷಯಕ್ಕೆ, ಒಬ್ಬ ಶ್ರೀಮಂತ ಬಿಟ್ಟುಹೋದ ಆಸ್ತಿಯ ವಿಷಯಕ್ಕೆ ಅದಕ್ಕೂ ಲಿಮಾದ ಆರ್ಚ್‌ಬಿಷಪ್ಪರಿಗೂ ವರ್ಷಾನುಗಟ್ಟಲೆ ಜಗಳ ನಡೆಯಿತು. 2012ರಲ್ಲಿ ವ್ಯಾಟಿಕನ್ ಸಿಟ್ಟಿಗೆದ್ದು, ಇನ್ನು ಮೇಲೆ ನೀವು 'ಕ್ಯಾಥೋಲಿಕ್' ಅನ್ನುವ ಹೆಸರು ಬಳಸಬಾರದು ಎಂದು ಆದೇಶ ಹೊರಡಿಸಿತು. ಯೂನಿವರ್ಸಿಟಿ ಬಗ್ಗಲಿಲ್ಲ, ಹೆಸರು ಬಿಡಲಿಲ್ಲ. ರಾಜಿ ಆದದ್ದು 2016ರಲ್ಲಿ. ನಾಲ್ಕು ವರ್ಷ ಅಲ್ಲಿನ ಮಕ್ಕಳು ಹೆಸರೇ ವ್ಯಾಜ್ಯದಲ್ಲಿದ್ದ ಯೂನಿವರ್ಸಿಟಿಯಲ್ಲಿ ಓದಿದರು. ನಮ್ಮ ಮೂರೂ ಸಂಸ್ಥೆಗಳ ಹೆಸರಿನಲ್ಲಿ ಆ ಪದ ಇಲ್ಲ. ಸಂತರ ಹೆಸರು, ಕ್ರಿಸ್ತನ ಹೆಸರು ಇದೆ ಅಷ್ಟೇ.

ಇನ್ನು ನಮ್ಮ ಸರ್ಕಾರದ ಕಡೆಯ ಕಥೆ. ಯೂನಿವರ್ಸಿಟಿ ಆಗುವುದಕ್ಕೆ ಇಲ್ಲಿ ಬೇರೆ ಬೇರೆ ದಾರಿ ಇವೆ. 1969ರಲ್ಲಿ ಶುರುವಾದ ಕ್ರೈಸ್ಟ್ ಕಾಲೇಜು 2008ರಲ್ಲಿ, 1880ರಲ್ಲಿ ಶುರುವಾದ ಮಂಗಳೂರಿನ ಸೇಂಟ್ ಅಲೋಶಿಯಸ್ 2024ರಲ್ಲಿ ಡೀಮ್ಡ್ ಯೂನಿವರ್ಸಿಟಿ ಆದವು. ಅಂದರೆ ಯುಜಿಸಿ ಶಿಫಾರಸು, ಕೇಂದ್ರದ ಅಧಿಸೂಚನೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಮಾತ್ರ ನಮ್ಮ ವಿಧಾನಸಭೆ ಮಾಡಿದ ಕಾಯ್ದೆಯ ಮೂಲಕ ಬಂದದ್ದು. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಬಂದು ಅದನ್ನು ಉದ್ಘಾಟಿಸಿದರು.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆ ಕಟ್ಟುವ, ನಡೆಸುವ ಹಕ್ಕು ಕೊಡುತ್ತದೆ. ಹಕ್ಕು ಇದೆ ಅಂದ ಮಾತ್ರಕ್ಕೆ ಲಂಗುಲಗಾಮು ಇಲ್ಲ ಅಂತಲ್ಲ. 1974ರಲ್ಲಿ ಅಹಮದಾಬಾದಿನ ಸೇಂಟ್ ಝೇವಿಯರ್ ಕಾಲೇಜಿನ ಮೊಕದ್ದಮೆಯಲ್ಲೂ 2002ರಲ್ಲಿ ನಮ್ಮದೇ ರಾಜ್ಯದಿಂದ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲೂ ಸುಪ್ರೀಂ ಕೋರ್ಟ್ ಇದನ್ನು ಉದ್ದಕ್ಕೆ ಚರ್ಚಿಸಿದೆ. ಗುಣಮಟ್ಟ ಕಾಯುವ ನಿಯಮ ಸರ್ಕಾರ ಮಾಡಬಹುದು, ಆಡಳಿತವನ್ನೇ ಕಿತ್ತುಕೊಳ್ಳುವ ಹಾಗಿಲ್ಲ ಅನ್ನುವುದು ಸ್ಥೂಲವಾಗಿ ಅದರ ಸಾರ. ಸೀಟಿನ ವಿಷಯದಲ್ಲಿ ಒಂದು ಮಾತು ಮನೆಯವರಿಗೆ ಗೊತ್ತಿರಬೇಕು. 15ನೇ ವಿಧಿಯ 5ನೇ ಉಪವಿಧಿ ಖಾಸಗಿ ಕಾಲೇಜುಗಳಲ್ಲಿ ಮೀಸಲಾತಿ ತರಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ, ಆದರೆ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟಿದೆ. ಆದ್ದರಿಂದ ಕೆಟಗರಿ ಸೀಟು ನೆಚ್ಚಿಕೊಂಡವರು ಆ ಸಂಸ್ಥೆ ಯಾವ ಸ್ಥಾನಮಾನದಲ್ಲಿ ನಡೆಯುತ್ತಿದೆ, ಎಷ್ಟು ಸೀಟು ಯಾರಿಗೆ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ವಿಚಾರಿಸಬೇಕು.

ಬೈಬಲ್ ಪಾಠದ ಪ್ರಶ್ನೆಗೆ ಉತ್ತರ 28ನೇ ವಿಧಿಯ 3ನೇ ಉಪವಿಧಿಯಲ್ಲಿದೆ. ಸರ್ಕಾರದ ಮಾನ್ಯತೆ ಇರುವ ಯಾವ ಸಂಸ್ಥೆಯಲ್ಲೂ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ, ಅಪ್ರಾಪ್ತ ವಯಸ್ಸಿನವರಾದರೆ ಪೋಷಕರ ಒಪ್ಪಿಗೆ ಇಲ್ಲದೆ, ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಕೂರಿಸುವಂತಿಲ್ಲ. ರೋಮ್‌ನ ಬರಹವೂ ಇದಕ್ಕೆ ವಿರುದ್ಧ ಹೇಳುವುದಿಲ್ಲ. ಪ್ರತಿಯೊಬ್ಬರ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಪೂರ್ತಿ ಗೌರವಿಸಬೇಕು ಎಂದು ಅದರ ನಿಯಮಗಳಲ್ಲೇ ಇದೆ. ಕ್ರೈಸ್ತ ಮಕ್ಕಳಿಗೆ ಧರ್ಮಪಾಠ, ಉಳಿದವರಿಗೆ ಅದೇ ಹೊತ್ತಿಗೆ ನೀತಿಪಾಠ ಅನ್ನುವ ಹಳೇ ಪದ್ಧತಿ ನಮ್ಮ ಶಾಲೆಗಳಲ್ಲಿ ಓದಿದವರಿಗೆಲ್ಲ ನೆನಪಿರುತ್ತದೆ.

ಮತಾಂತರದ ಗುಮಾನಿ ಬಗ್ಗೆ ನಮ್ಮ ಹಾಸನದ್ದೇ ಒಂದು ಹಳೆಯ ಉದಾಹರಣೆ ಇದೆ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಆಬೆ ದ್ಯುಬ್ವಾ ಇಲ್ಲಿನವರ ಹಾಗೇ ಬಟ್ಟೆ ಉಟ್ಟು, ಇಲ್ಲಿನ ಊಟ ಮಾಡಿ ಬದುಕಿದವರು. ಹಾಸನದ ಹತ್ತಿರ ಕ್ರೈಸ್ತ ರೈತರನ್ನು ನೆಲೆಗೊಳಿಸಿದರು. ಸಿಡುಬಿಗೆ ಲಸಿಕೆ ಹಾಕಿಸುವುದಕ್ಕೆ ಓಡಾಡಿದರು. ಅವರು ವಾಪಸು ಹೋದದ್ದು 1823ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ ಹಿಂದೂಗಳನ್ನು ಮತಾಂತರಿಸುವ ಪ್ರಯತ್ನ ಸೋತಿದೆ, ಅದು ಆಗುವ ಕೆಲಸವೂ ಅಲ್ಲ ಎಂದು ಬರೆದಿದ್ದರು. ಮಿಷನರಿಗಳ ವಲಯದಲ್ಲಿ ಅದು ದೊಡ್ಡ ಗಲಾಟೆಯನ್ನೇ ಎಬ್ಬಿಸಿತು.

ಕಾನೂನು ಇಷ್ಟು ಸಾಕು. ಧ್ಯೇಯಕ್ಕೆ ಬರೋಣ, ನಿಜವಾದ ಜಟಿಲತೆ ಇರುವುದು ಅಲ್ಲಿ. ನಂಬಿಕೆ ಒಂದು ಕಡೆ, ಮುಕ್ತವಾಗಿ ಸತ್ಯ ಹುಡುಕುವುದು ಇನ್ನೊಂದು ಕಡೆ. ಎರಡನ್ನೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಅನ್ನುವುದು ಈ ಯೂನಿವರ್ಸಿಟಿಗಳ ಮಾತು. ಆಗುತ್ತದಾ?

ಆದದ್ದಕ್ಕೆ ನನಗೆ ಬಹಳ ಇಷ್ಟವಾದ ಸಾಕ್ಷಿ ಜಾರ್ಜ್ ಲೆಮೈತ್ರ್. ಬೆಲ್ಜಿಯಮ್ಮಿನವರು, 1923ರಲ್ಲಿ ಗುರುದೀಕ್ಷೆ ಪಡೆದ ಕ್ಯಾಥೋಲಿಕ್ ಪಾದ್ರಿ, ಲೂವೆನ್ ಕ್ಯಾಥೋಲಿಕ್ ಯೂನಿವರ್ಸಿಟಿಯ ಪ್ರೊಫೆಸರ್. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಲೆಕ್ಕ ಹಾಕಿ ತೋರಿಸಿದರು. ಎಲ್ಲವೂ ಒಂದು ಆದಿಮ ಅಣುವಿನಿಂದ ಶುರುವಾಗಿರಬೇಕು ಎಂದು 1931ರಲ್ಲಿ ಹೇಳಿದರು. ಮುಂದೆ ಮಹಾಸ್ಫೋಟ ಎಂದು ಹೆಸರಾದ ಸಿದ್ಧಾಂತದ ಬೇರು ಇದೇ. ಕಥೆಯ ಸ್ವಾರಸ್ಯ ಇರುವುದು ಇದರ ನಂತರ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಭಾಷಣ ಮಾಡುತ್ತಾ, ಸೃಷ್ಟಿಕರ್ತ ಇದ್ದಾನೆ ಅನ್ನುವುದಕ್ಕೆ ವಿಜ್ಞಾನವೇ ಸಾಕ್ಷಿ ಹೇಳುತ್ತಿದೆ ಅನ್ನುವ ಧಾಟಿಯಲ್ಲಿ ಮಾತಾಡಿದರು. ಬೇರೆ ಪಾದ್ರಿಯಾಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರೇನೋ. ಲೆಮೈತ್ರ್‌ಗೆ ಇದು ಸರಿಬರಲಿಲ್ಲ. ತನ್ನ ಸಿದ್ಧಾಂತ ದೇವರಿದ್ದಾನೆ, ಇಲ್ಲ ಅನ್ನುವ ಪ್ರಶ್ನೆಯ ಹೊರಗಿನದು, ಅದನ್ನು ಧರ್ಮದ ಕೆಲಸಕ್ಕೆ ಎಳೆಯಬಾರದು ಅನ್ನುವುದು ಅವರ ನಿಲುವು. ಪೋಪ್ ಮುಂದೆ ಆ ಮಾತನ್ನು ಹಾಗೆ ಮುಂದುವರಿಸಲಿಲ್ಲ. 2018ರಲ್ಲಿ ಜಗತ್ತಿನ ಖಗೋಳಶಾಸ್ತ್ರಜ್ಞರ ಒಕ್ಕೂಟ ಮತ ಹಾಕಿ, ವಿಶ್ವ ಹಿಗ್ಗುವುದನ್ನು ವಿವರಿಸುವ ಹಬಲ್ ನಿಯಮವನ್ನು ಹಬಲ್–ಲೆಮೈತ್ರ್ ನಿಯಮ ಎಂದು ಕರೆಯಬೇಕೆಂದು ಶಿಫಾರಸು ಮಾಡಿತು.

ಆಗದೇ ಹೋದದ್ದಕ್ಕೂ ಸಾಕ್ಷಿ ಇದೆ. ಅಮೆರಿಕದ ವಾಷಿಂಗ್ಟನ್‌ನಲ್ಲಿ 1887ರಲ್ಲಿ ಬಿಷಪ್ಪರೇ ಸೇರಿ ಕಟ್ಟಿದ ಒಂದು ಕ್ಯಾಥೋಲಿಕ್ ಯೂನಿವರ್ಸಿಟಿ ಇದೆ. ಅಲ್ಲಿ ನೀತಿಶಾಸ್ತ್ರ ಕಲಿಸುತ್ತಿದ್ದ ಚಾರ್ಲ್ಸ್ ಕರ್ರನ್ ಅನ್ನುವ ಪಾದ್ರಿ ಸಂತಾನ ನಿಯಂತ್ರಣ ಮುಂತಾದ ವಿಷಯಗಳಲ್ಲಿ ಚರ್ಚಿನ ನಿಲುವನ್ನು ಪ್ರಶ್ನಿಸಿದರು. 1967ರಲ್ಲಿ ಅವರನ್ನು ತೆಗೆಯಲು ಹೊರಟಾಗ ಮಕ್ಕಳು, ಮೇಷ್ಟ್ರುಗಳು ಸೇರಿ ಮುಷ್ಕರ ಹೂಡಿ ಯೂನಿವರ್ಸಿಟಿಯನ್ನೇ ನಿಲ್ಲಿಸಿದರು. ಆಡಳಿತ ಸೋತಿತು, ಕರ್ರನ್ ಉಳಿದರು. ಆದರೆ 1986ರಲ್ಲಿ ವ್ಯಾಟಿಕನ್, ಇವರು ಕ್ಯಾಥೋಲಿಕ್ ದೇವಶಾಸ್ತ್ರ ಕಲಿಸಲು ಅರ್ಹರಲ್ಲ ಎಂದು ಹೇಳಿತು. ಅವರು ಕೋರ್ಟಿಗೆ ಹೋದರು, ಗೆಲ್ಲಲಿಲ್ಲ. ಕೊನೆಗೆ ಬೇರೆ ಯೂನಿವರ್ಸಿಟಿ ಸೇರಿದರು.

ಅದೇ 1967ರ ಬೇಸಿಗೆಯಲ್ಲಿ ನೋಟರ್ ಡೇಮ್ ಯೂನಿವರ್ಸಿಟಿಯ ಅಧ್ಯಕ್ಷ ಫಾದರ್ ಥಿಯೋಡರ್ ಹೆಸ್‌ಬರ್ಗ್ ಮತ್ತು ಸಂಗಡಿಗರು ಒಂದು ಹೇಳಿಕೆ ಹೊರಡಿಸಿದ್ದರು. ಕ್ಯಾಥೋಲಿಕ್ ಯೂನಿವರ್ಸಿಟಿ ಮೊದಲು ಪೂರ್ತಿ ಅರ್ಥದಲ್ಲಿ ಯೂನಿವರ್ಸಿಟಿಯಾಗಿರಬೇಕು, ಸರ್ಕಾರದಿಂದಲೇ ಆಗಲಿ ಚರ್ಚಿನಿಂದಲೇ ಆಗಲಿ ಹೊರಗಿನ ಅಂಕೆ ಇರಬಾರದು ಅನ್ನುವುದು ಅದರ ತಿರುಳು. 1990ರ ಬರಹವನ್ನು ಬಹಳ ಜನ ಇದಕ್ಕೆ ರೋಮ್ ಕೊಟ್ಟ ಉತ್ತರ ಎಂದೇ ಓದುತ್ತಾರೆ: ಸಂಶೋಧನೆಯ ಸ್ವಾತಂತ್ರ್ಯ ಇರಲಿ, ಆದರೆ ಚರ್ಚಿನ ಜೊತೆಗಿನ ನಂಟು ಹೊರಗಿನದಲ್ಲ, ಒಳಗಿನದು. ಈ ಎಳೆದಾಟ ಮುಗಿದಿಲ್ಲ. ಮುಗಿಯುತ್ತದೆ ಎಂದೂ ನನಗನಿಸುವುದಿಲ್ಲ. ಒಂದು ವಿಷಯ ಮಾತ್ರ ಗಮನಿಸಿ: ಕಟ್ಟುಪಾಡು ಬಿಗಿಯಾಗುವುದು ಹೆಚ್ಚಾಗಿ ದೇವಶಾಸ್ತ್ರದ ವಿಭಾಗದಲ್ಲಿ. ಬಿಕಾಂ ಓದುವ ಹುಡುಗನಿಗೆ ಇದರ ಬಿಸಿ ತಟ್ಟುವುದು ಕಡಿಮೆ.

ಧ್ಯೇಯದ ಇನ್ನೊಂದು ಮುಖ ಸೇವೆ. 'ಸಮಾಜಸೇವೆ' ಅಂದರೆ ನಮ್ಮ ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಕ್ಯಾಂಪು, ರಕ್ತದಾನ, ಗಿಡ ನೆಟ್ಟು ಫೋಟೋ. ಇದೇ ಮಾತನ್ನು ಒಂದು ಯೂನಿವರ್ಸಿಟಿ ಎಲ್ಲಿಯವರೆಗೆ ಒಯ್ದಿತು ಎಂದು ನೋಡಬೇಕಾದರೆ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ಗೆ ಹೋಗಬೇಕು. 1965ರಲ್ಲಿ ಯೇಸುಸಭೆಯವರು ಅಲ್ಲೊಂದು ಯೂನಿವರ್ಸಿಟಿ ಶುರು ಮಾಡಿದರು. ದೇಶದಲ್ಲಿ ಅಂತರ್ಯುದ್ಧ. ಜಮೀನು ಕೆಲವೇ ಮನೆತನಗಳ ಕೈಯಲ್ಲಿ. ಅದರಲ್ಲೂ ಕಾಫಿ ತೋಟದ ದೊಡ್ಡ ಮನೆತನಗಳು. ನಮ್ಮ ಕಡೆಯವರು ಇದನ್ನು ಓದುವಾಗ ಸ್ವಲ್ಪ ನಿಲ್ಲಬೇಕು.

ಆ ಯೂನಿವರ್ಸಿಟಿಯ ಮುಖ್ಯಸ್ಥ ಇಗ್ನಾಸಿಯೊ ಎಲ್ಯಾಕುರಿಯ ತತ್ವಶಾಸ್ತ್ರದ ವಿದ್ವಾಂಸ. ದೇಶದ ವಾಸ್ತವವೇ ಯೂನಿವರ್ಸಿಟಿಯ ಮೊದಲ ಪಠ್ಯ ಅನ್ನುವ ನಂಬಿಕೆ ಅವರದು. ವಿದ್ಯೆ ಇಲ್ಲದವರಿಗೆ ವಿದ್ಯೆಯಾಗಬೇಕು, ದನಿ ಇಲ್ಲದವರಿಗೆ ದನಿಯಾಗಬೇಕು ಎಂದು ಅವರು 1982ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಯೂನಿವರ್ಸಿಟಿಯಲ್ಲಿ ಹೇಳಿದ್ದರು. ಅವರು ಬೀದಿಗಿಳಿದು ಘೋಷಣೆ ಕೂಗಿಸಲಿಲ್ಲ. ಯೂನಿವರ್ಸಿಟಿ ಮಾಡಬಲ್ಲ ಕೆಲಸವನ್ನೇ ಮಾಡಿದರು. ಸೆಗುಂದೊ ಮೊಂತೆಸ್ ಮಾನವ ಹಕ್ಕುಗಳ ಸಂಸ್ಥೆ ನಡೆಸಿ, ಯುದ್ಧದಿಂದ ದಿಕ್ಕಾಪಾಲಾದವರ ಬಗ್ಗೆ ಅಧ್ಯಯನ ಮಾಡಿದರು. ಮನಶ್ಶಾಸ್ತ್ರಜ್ಞ ಇಗ್ನಾಸಿಯೊ ಮಾರ್ತಿನ್-ಬಾರೊ ಜನಾಭಿಪ್ರಾಯ ಸಮೀಕ್ಷೆಯ ಕೇಂದ್ರ ತೆರೆದರು. ಜನಕ್ಕೆ ನಿಜವಾಗಿ ಏನು ಬೇಕು ಅನ್ನುವುದನ್ನು ಅಂಕಿ ಸಮೇತ ಅಚ್ಚು ಹಾಕಿದರೆ, ಜನರ ಹೆಸರಲ್ಲಿ ಆಳುವವರಿಗೆ ಅದಕ್ಕಿಂತ ಕಿರಿಕಿರಿ ಬೇರೆ ಇಲ್ಲ.

1989ರ ನವೆಂಬರ್ 16ರ ನಸುಕಿನಲ್ಲಿ ಸೈನ್ಯದ ತುಕಡಿಯೊಂದು ಕ್ಯಾಂಪಸ್ಸಿಗೆ ನುಗ್ಗಿ ಎಲ್ಯಾಕುರಿಯ, ಮೊಂತೆಸ್, ಮಾರ್ತಿನ್-ಬಾರೊ ಸೇರಿ 6 ಜನ ಪಾದ್ರಿಗಳನ್ನು ಗುಂಡಿಕ್ಕಿ ಕೊಂದಿತು. ಅಲ್ಲೇ ತಂಗಿದ್ದ ಅಡುಗೆಯ ಹೆಂಗಸು ಎಲ್ಬಾ ರಾಮೋಸ್, ಅವರ ಮಗಳು ಸೆಲಿನಾ ಇಬ್ಬರನ್ನೂ ಬಿಡಲಿಲ್ಲ. ಮಾಜಿ ಕರ್ನಲ್ ಒಬ್ಬನಿಗೆ ಸ್ಪೇನಿನ ಕೋರ್ಟು 133 ವರ್ಷ ಶಿಕ್ಷೆ ಕೊಟ್ಟಿದ್ದು 2020ರಲ್ಲಿ. ಸ್ಪೇನಿನ ಕೋರ್ಟು ಏಕೆ? ಸತ್ತ 6 ಪಾದ್ರಿಗಳಲ್ಲಿ 5 ಜನ ಹುಟ್ಟಿದ್ದು ಸ್ಪೇನಿನಲ್ಲಿ. ಹರೆಯದಲ್ಲೇ ಹಡಗು ಹತ್ತಿ ಬಂದು, ಆ ದೇಶದವರೇ ಆಗಿಹೋದವರು.

ಅಂತರರಾಷ್ಟ್ರೀಯ ನೋಟ ಅಂದರೆ ಏನು ಅನ್ನುವ ಪ್ರಶ್ನೆಗೆ ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಇಲ್ಲ. ಈಗಿನ ಪ್ರಾಸ್ಪೆಕ್ಟಸ್‌ಗಳಲ್ಲಿ ಅದು ಬಣ್ಣ ಬಣ್ಣದ ಧ್ವಜಗಳ ಪುಟ, ಒಪ್ಪಂದಗಳ ಪಟ್ಟಿ. ಕ್ಯಾಥೋಲಿಕ್ ಸಂಸ್ಥೆಗಳಲ್ಲಿ ಅದರ ಬೇರು ಬೇರೆ ಕಡೆ ಇದೆ.

ಯೂರೋಪಿನ ಹಳೇ ಯೂನಿವರ್ಸಿಟಿಗಳ ಕಾಲಕ್ಕೆ ಹೋಗಿ. 13ನೇ ಶತಮಾನದ ಪ್ಯಾರಿಸ್ಸಿನಲ್ಲಿ ಕಲೆಯ ವಿಭಾಗದವರು ಊರು ದೇಶದ ಪ್ರಕಾರ ನಾಲ್ಕು ಗುಂಪು ಕಟ್ಟಿಕೊಂಡಿದ್ದರು: ಫ್ರೆಂಚರು, ಪಿಕಾರ್ಡರು, ನಾರ್ಮನ್ನರು, ಇಂಗ್ಲಿಷರು. ಪಾಠ ಲ್ಯಾಟಿನ್ನಿನಲ್ಲಿ. ಪೋಪ್ ಅವರ ಮಾನ್ಯತೆ ಪಡೆದ ಯೂನಿವರ್ಸಿಟಿಯಲ್ಲಿ ಪದವಿ ಪಡೆದವನಿಗೆ ಕ್ರೈಸ್ತ ಯೂರೋಪಿನ ಎಲ್ಲಿ ಬೇಕಾದರೂ ಕಲಿಸುವ ಹಕ್ಕು ಇತ್ತು, ಕನಿಷ್ಠ ಕಾಗದದ ಮೇಲೆ. ಈಗ ಒಂದು ದೇಶದ ಡಿಗ್ರಿಯನ್ನು ಇನ್ನೊಂದು ದೇಶ ಒಪ್ಪಬೇಕಾದರೆ ಎಷ್ಟು ಕಾಗದ, ಎಷ್ಟು ಸೀಲು ಬೇಕು ಎಂದು ಗಲ್ಫಿಗೆ ಹೋದವರನ್ನು ಕೇಳಿ.

ಎರಡನೆಯ ಬೇರು ಧಾರ್ಮಿಕ ಸಭೆಗಳು, ಅಂದರೆ ಪಾದ್ರಿಗಳ ಸಂಘಗಳು. ಯೇಸುಸಭೆಯ ಪಾದ್ರಿಯನ್ನು ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗಬೇಕು. ಜಪಾನಿನಲ್ಲಿ 1913ರಲ್ಲಿ ಸೋಫಿಯಾ ಯೂನಿವರ್ಸಿಟಿ ಶುರುವಾಗಲು ಕಾರಣರಾದ ಮೂವರಲ್ಲಿ ಒಬ್ಬರು ಜರ್ಮನ್, ಒಬ್ಬರು ಫ್ರೆಂಚ್, ಒಬ್ಬರು ಇಂಗ್ಲಿಷ್. ಮುಂದಿನ ವರ್ಷವೇ ಅವರ ದೇಶಗಳು ಒಂದನ್ನೊಂದು ಕೊಲ್ಲಲು ಹೊರಟವು ಅನ್ನುವುದು ನೆನಪಿರಲಿ. ಮಂಗಳೂರಿನ ಅಲೋಶಿಯಸ್ ಕಾಲೇಜನ್ನು ಕಟ್ಟಿದವರಲ್ಲಿ ಇಟಲಿಯ ಯೇಸುಸಭೆಯವರೇ ಮುಖ್ಯರು. ಅಲ್ಲಿನ ಚಾಪೆಲ್ಲಿನ ಗೋಡೆ, ಮಾಡಿನ ತುಂಬ ಚಿತ್ರ ಬರೆದ ಅಂತೋನಿಯೊ ಮೊಸ್ಕೇನಿ ಕೂಡ ಇಟಲಿಯವರು. ಕ್ರೈಸ್ಟ್ ನಡೆಸುವ ಸಿಎಂಐ ಸಭೆ ಮಾತ್ರ ಹೊರಗಿನಿಂದ ಬಂದದ್ದಲ್ಲ. 1831ರಲ್ಲಿ ಕೇರಳದ ಮಾನ್ನಾನಂನಲ್ಲಿ ಕುರಿಯಾಕೋಸ್ ಏಲಿಯಾಸ್ ಚಾವರ ಮತ್ತು ಅವರ ಹಿರಿಯರು ಸೇರಿ ಕಟ್ಟಿದ್ದು ಅದು.

ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಥೆ ನಮ್ಮ ಜಿಲ್ಲೆಗೇ ಬಂದು ಮುಟ್ಟುತ್ತದೆ. ಅದನ್ನು 1882ರಲ್ಲಿ ಶುರು ಮಾಡಿದವರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಫ್ರೆಂಚ್ ಪಾದ್ರಿಗಳು. 1937ರಲ್ಲಿ ಯೇಸುಸಭೆಗೆ ವಹಿಸಿಕೊಟ್ಟರು. ದ್ಯುಬ್ವಾ ಇದೇ ಸಂಘದವರು. ಗೊರೂರು ಡ್ಯಾಂ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿ ಚರ್ಚನ್ನು 1860ರ ದಶಕದಲ್ಲಿ ಕಟ್ಟಿದವರೂ ಫ್ರೆಂಚ್ ಪಾದ್ರಿಗಳೇ. ವಾರದ ಕೊನೆಗೆ ಅಲ್ಲಿ ಸೆಲ್ಫಿಗೆ ಸಾಲು ನಿಲ್ಲುವವರಲ್ಲಿ ಇದು ಎಷ್ಟು ಜನಕ್ಕೆ ಗೊತ್ತೋ.

ಹೀಗೆ ಹೊರಗಿನಿಂದ ಬಂದವರು ಊರಿನವರಾಗುವ ಕಥೆ ಯಾವಾಗಲೂ ಚೆಂದವಾಗಿ ನಡೆದಿಲ್ಲ. ಭಾಷೆಯ ವಿಷಯ ಬಂದರೆ ಕ್ಯಾಥೋಲಿಕ್ ಯೂನಿವರ್ಸಿಟಿಯೂ ಒಡೆಯುತ್ತದೆ. ಲೂವೆನ್ 1425ರಲ್ಲಿ ಪೋಪ್ ಐದನೇ ಮಾರ್ಟಿನ್ ಅನುಮತಿಯಿಂದ ಶುರುವಾದ ಬಲು ಹಳೇ ಯೂನಿವರ್ಸಿಟಿ. ಊರು ಡಚ್ ಮಾತಾಡುವ ಸೀಮೆಯದು, ಯೂನಿವರ್ಸಿಟಿಯಲ್ಲಿ ಮೆರೆದದ್ದು ಫ್ರೆಂಚ್. 1960ರ ದಶಕದಲ್ಲಿ ಡಚ್ ವಿದ್ಯಾರ್ಥಿಗಳು ಬೀದಿಗಿಳಿದರು. 1966ರಲ್ಲಿ ಬಿಷಪ್ಪರು ಯೂನಿವರ್ಸಿಟಿ ಒಡೆಯುವುದಿಲ್ಲ ಎಂದು ಖಡಾಖಂಡಿತ ಹೇಳಿದಾಗ ಬೆಂಕಿಗೆ ತುಪ್ಪ ಸುರಿದಂತಾಯಿತು. 1968ರಲ್ಲಿ ಇದೇ ಗಲಾಟೆಗೆ ಬೆಲ್ಜಿಯಂ ಸರ್ಕಾರವೇ ಬಿತ್ತು. ಯೂನಿವರ್ಸಿಟಿ ಎರಡಾಯಿತು. ಫ್ರೆಂಚ್ ಭಾಗಕ್ಕಾಗಿ ಹೊಲದ ನಡುವೆ ಹೊಸ ಊರನ್ನೇ ಕಟ್ಟಿದರು. ಲೈಬ್ರರಿಯ ಪುಸ್ತಕಗಳನ್ನು ಬೆಸ ನಂಬರು ಒಬ್ಬರಿಗೆ, ಸಮ ನಂಬರು ಒಬ್ಬರಿಗೆ ಎಂದು ಹಂಚಿದರು. ಅಣ್ಣತಮ್ಮಂದಿರ ಪಾಲು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಗೋಕಾಕ್ ಚಳವಳಿ ಕಂಡ ನಮಗೆ ಆ ಹುಡುಗರ ಸಿಟ್ಟೂ ಅಷ್ಟೇನು ದೂರದ್ದಲ್ಲ, ಅಲ್ವಾ?

ಎಲ್ಲ ಕಡೆ ಓದುವವರೂ ಕ್ರೈಸ್ತರೇ ಎಂದೇನಿಲ್ಲ. 1973ರಲ್ಲಿ ಶುರುವಾದ ಬೆತ್ಲೆಹೆಮ್ ಯೂನಿವರ್ಸಿಟಿ ಯೇಸು ಹುಟ್ಟಿದ ಊರಿನಲ್ಲೇ ಇದೆ, ಅಲ್ಲಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಸೋಫಿಯಾ ಇರುವ ಜಪಾನಿನಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸು. ಇಂಥವನ್ನೆಲ್ಲ ಕೂಡಿಸುವ ಒಕ್ಕೂಟ ಪ್ಯಾರಿಸ್ಸಿನಲ್ಲಿದೆ. 1924ರಿಂದ ಬೇರುಬಿಟ್ಟು, 1948ರಲ್ಲಿ ವ್ಯಾಟಿಕನ್ ಮಾನ್ಯತೆ ಪಡೆದ ಅದರಲ್ಲಿ 200ಕ್ಕೂ ಜಾಸ್ತಿ ಸಂಸ್ಥೆಗಳಿವೆ. ಯೇಸುಸಭೆಯ ಯೂನಿವರ್ಸಿಟಿಗಳದ್ದೇ ಬೇರೆ ಒಕ್ಕೂಟ 2018ರಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ಶುರುವಾಯಿತು. ಈಗಿನ ಪೋಪ್ ಹದಿನಾಲ್ಕನೇ ಲಿಯೊ ಕೂಡ ಕ್ಯಾಥೋಲಿಕ್ ಯೂನಿವರ್ಸಿಟಿಗಳ ಜಾಲದಿಂದಲೇ ಬಂದವರು. 1977ರಲ್ಲಿ ಅಮೆರಿಕದ ವಿಲನೋವಾ ಯೂನಿವರ್ಸಿಟಿಯಲ್ಲಿ ಗಣಿತದ ಪದವಿ, ರೋಮ್‌ನಲ್ಲಿ ಚರ್ಚ್ ಕಾನೂನಿನ ಡಾಕ್ಟರೇಟ್, ಆಮೇಲೆ ಪೆರುವಿನಲ್ಲಿ ವರ್ಷಗಟ್ಟಲೆ ಕೆಲಸ, ಅಲ್ಲಿಯ ಪೌರತ್ವ ಕೂಡ.

ಸರಿ, ನಮ್ಮ ಹುಡುಗಿಗೆ ಇದರಿಂದೇನು?

ಕಾಗದದ ಮೇಲೆ ಮೂರು ಬಗೆಯ ಅವಕಾಶ ಇವೆ. ಯುಜಿಸಿ 2022ರಲ್ಲಿ ಮಾಡಿದ ನಿಯಮದ ಪ್ರಕಾರ, ಟ್ವಿನ್ನಿಂಗ್ ಎಂದರೆ ನೂರಕ್ಕೆ 30ರವರೆಗೆ ಕ್ರೆಡಿಟ್‌ಗಳನ್ನು ವಿದೇಶದಲ್ಲಿ ಓದಬಹುದು, ಡಿಗ್ರಿ ಇಲ್ಲಿಯದೇ. ಜಾಯಿಂಟ್ ಡಿಗ್ರಿ ಎಂದರೆ ಎರಡೂ ಕಡೆ ತಲಾ ಕನಿಷ್ಠ 30, ಎರಡೂ ಯೂನಿವರ್ಸಿಟಿಗಳ ಹೆಸರಿರುವ ಒಂದೇ ಸರ್ಟಿಫಿಕೇಟು. ಡ್ಯುಯಲ್ ಡಿಗ್ರಿ ಎಂದರೆ ಇಬ್ಬರೂ ಬೇರೆ ಬೇರೆ ಡಿಗ್ರಿ ಕೊಡುತ್ತಾರೆ. ಇವಲ್ಲದೆ ಒಂದು ಸೆಮಿಸ್ಟರಿನ ವಿನಿಮಯ, ಬೇಸಿಗೆ ಕೋರ್ಸುಗಳೂ ಇರುತ್ತವೆ. 'ನಮಗೆ ಇಷ್ಟು ದೇಶಗಳ ಜೊತೆ ಒಪ್ಪಂದ ಇದೆ' ಎಂದು ಕೌಂಟರಿನಲ್ಲಿ ಹೇಳಿದರೆ, ಇವುಗಳಲ್ಲಿ ಯಾವುದು ಎಂದು ಕೇಳಿ. ಒಪ್ಪಂದ ಸಹಿ ಆಗಿರುವುದು ಬೇರೆ, ಕಳೆದ ವರ್ಷ ಮಕ್ಕಳು ಹೋಗಿ ಬಂದಿರುವುದು ಬೇರೆ. ಅಲ್ಲಿ ಬರೆದ ಪರೀಕ್ಷೆಯ ಕ್ರೆಡಿಟ್ಟು ಇಲ್ಲಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಇನ್ನೂ ಬೇರೆ.

ಹಣದ ಮಾತಿಗೆ ಬಂದರೆ ನನ್ನ ತಕರಾರು ಇರುವುದು ಇಲ್ಲಿ. 1990ರ ಬರಹದಲ್ಲಿ ಒಂದು ಸಾಲು ಇದೆ: ಯೂನಿವರ್ಸಿಟಿ ಶಿಕ್ಷಣ ಅದರ ಪ್ರಯೋಜನ ಪಡೆಯಬಲ್ಲ ಎಲ್ಲರಿಗೂ, ಅದರಲ್ಲೂ ಬಡವರಿಗೆ, ಇಲ್ಲಿಯವರೆಗೆ ಅದರಿಂದ ದೂರ ಉಳಿದ ಗುಂಪುಗಳಿಗೆ ಸಿಗುವಂತೆ ಮಾಡಬೇಕು. ಸರ್ಕಾರದ ಅನುದಾನ ಇಲ್ಲದ ಖಾಸಗಿ ಯೂನಿವರ್ಸಿಟಿ ಫೀಸಿನಿಂದಲೇ ಸಂಬಳ ಕೊಡಬೇಕು, ಲ್ಯಾಬು ಕಟ್ಟಬೇಕು. ಅದು ಅರ್ಥವಾಗುತ್ತದೆ. ಆದರೂ ಬೇಲೂರು ತಾಲ್ಲೂಕಿನ ತೋಟದ ಲೈನ್ ಮನೆಯ ಹುಡುಗಿಗೆ ಆ ಸಾಲು ಯಾವ ಬಾಗಿಲಲ್ಲಿ ಸಿಗುತ್ತದೆ ಎಂದು ಕೇಳುವ ಹಕ್ಕು ನಮಗಿದೆ. ಏಕೆಂದರೆ ಹಾಗೆ ಬರೆದುಕೊಂಡವರು ಅವರೇ. ಯೂನಿವರ್ಸಿಟಿ ಅಲ್ಲದಿದ್ದರೂ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಇದಕ್ಕೆ ಒಂದು ದಾರಿ ತೋರಿಸಿದೆ. 1963ರಲ್ಲಿ ಶುರುವಾದ ಅದು, ಡಾಕ್ಟರಾಗಿ ಹೊರಬಂದವರು ಸೌಲಭ್ಯ ಕಡಿಮೆ ಇರುವ ಕಡೆ ಹೋಗಿ ಕೆಲಸ ಮಾಡಬೇಕು ಎಂದು ಬಾಂಡ್ ಬರೆಸಿಕೊಳ್ಳುತ್ತದೆ. ಧ್ಯೇಯವನ್ನು ಗೋಡೆಯಿಂದ ಇಳಿಸಿ ಸ್ಟಾಂಪ್ ಪೇಪರಿಗೆ ತರುವುದು ಸಣ್ಣ ಕೆಲಸವಲ್ಲ.

ಸಂಶೋಧನೆಗೂ ಇದೇ ಮಾತು. ಆ ಬರಹವೇ, ನೀವಿರುವ ಸೀಮೆಯ ವಿದ್ಯೆ, ಸಂಸ್ಕೃತಿಯ ಜೊತೆ ನಂಟು ಇಟ್ಟುಕೊಳ್ಳಿ ಎನ್ನುತ್ತದೆ. ನಿಸರ್ಗದ ರಕ್ಷಣೆಯನ್ನೂ ಪಟ್ಟಿಯಲ್ಲಿ ಸೇರಿಸಿದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ ದೀರ್ಘ ಪತ್ರ ಬರೆದ ಮೇಲಂತೂ ಕ್ಯಾಥೋಲಿಕ್ ಯೂನಿವರ್ಸಿಟಿಗಳಲ್ಲಿ ಇದು ದೊಡ್ಡ ವಿಷಯ. ಹಾಗಿದ್ದರೆ ವಿಷಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸಕಲೇಶಪುರ, ಆಲೂರಿನಲ್ಲಿ ಆನೆ ಗದ್ದೆಗೆ ಇಳಿಯುತ್ತಿದೆ. ಹೇಮಾವತಿ ಡ್ಯಾಂಗೆ ಊರು ಬಿಟ್ಟವರ ಮೊಮ್ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಮಕ್ಕಳು ಯಾವ ಭಾಷೆಯಲ್ಲಿ ಓದಬೇಕೋ ಗೊತ್ತಾಗದೆ ಕೂತಿದ್ದಾರೆ. ಹೊರದೇಶದ ಯೂನಿವರ್ಸಿಟಿ ಜೊತೆ ಸೇರಿ ಇವುಗಳ ಅಧ್ಯಯನ ಮಾಡಲಿ. ಮಾಡಿದ ಮೇಲೆ ಅದರ ವರದಿ ಕನ್ನಡದಲ್ಲೂ ಬಂದು, ಆಲೂರಿನ ಪಂಚಾಯ್ತಿ ಆಫೀಸಿಗೂ ಒಂದು ಪ್ರತಿ ತಲುಪಲಿ.

ಅಡ್ಮಿಷನ್ನಿಗೆ ಹೋದಾಗ ಕೌಂಟರಿನಲ್ಲಿ ಕೂತವರನ್ನು ನಾಲ್ಕು ವಿಷಯ ಕೇಳಿ. ಕಳೆದ ವರ್ಷ ಫೀಸು ಮಾಫಿ ಎಷ್ಟು ಜನಕ್ಕೆ ಸಿಕ್ಕಿತು? ವಿನಿಮಯಕ್ಕೆ ಹೋದವರಲ್ಲಿ ಕನ್ನಡ ಮಾಧ್ಯಮದಿಂದ ಬಂದವರು ಇದ್ದರಾ? ವಿಮಾನದ ಟಿಕೆಟ್ಟು, ವೀಸಾ, ಅಲ್ಲಿನ ಊಟ ವಸತಿಯ ಖರ್ಚು ಯಾರದ್ದು? ಒಂದೇ ಸಲ ಕಟ್ಟಲಾಗದವರಿಗೆ ಕಂತು ಇದೆಯಾ? ಕೆಲವು ಕಡೆ ಇದಕ್ಕೆಂದೇ ಒಬ್ಬ ಫಾದರ್ ಇರುತ್ತಾರೆ, ವಿದ್ಯಾರ್ಥಿವೇತನದ ಫೈಲು ಅವರ ಮೇಜಿನ ಮೇಲಿರುತ್ತದೆ. ಕೌಂಟರಿನಲ್ಲಿ ಉತ್ತರ ಸಿಗದಿದ್ದರೆ ಅವರ ರೂಮು ಎಲ್ಲಿ ಎಂದು ವಿಚಾರಿಸಿ, ಆದಾಯ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು ಕೈಯಲ್ಲಿ ಹಿಡಿದೇ ಹೋಗಿ.